ವೆಲ್ಡಿಂಗ್ ಅಂಗಡಿಯ ಬಲಮುರಿ ಶಂಖ

‘ಡಿಸೇಲ್ ಹಾಕೋ ಲಾಳಿಕಿ ಏನ್ರೀ ಇದು?’

ಕಬ್ಬಿನ ಟ್ರಾಲಿಯ ಹಿಂಬಾಗಿಲು ರಿಪೇರಿ ಮಾಡಿಸಲು ಬಂದಿದ್ದ ರೈತರೊಬ್ಬರು ಅಂಗಡಿಯ ಮೂಲೆಯಲ್ಲಿದ್ದ ಸ್ಟೀಲ್ ವಸ್ತುವನ್ನು ಎತ್ತಿ, ತಿರುಗಿಸಿ ನೋಡಿ ಕೇಳಿದರು. ಮಾಮಾ ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಮೂರು ವಾರ ಸಂಜೆಯ ಹೊತ್ತು ಕುಳಿತು ಮಾಡಿದ್ದು ಅದು. ‘ಶಂಖ’ ಎಂದು ಹೇಳೋಣವೆಂದರೆ, ‘ಶಂಖ ಹಿಂಗಿರ್ತದೇನು?’ ಎಂಬ ಮರುಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಸುಮ್ಮನೆ ಅವರ ಕೈಯಿಂದ ತೆಗೆದುಕೊಂಡು ಮತ್ತೆ ಮೂಲೆಗಿಟ್ಟೆ.

ನಮ್ಮದು ಚೌಡಾಪುರ. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ, ದೇವಲ ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ ಹೋಗುವವರು ತಿರುಗಿಕೊಳ್ಳುವ ಊರು. ಹುಣ್ಣಿಮೆ ಬಂದರೆ ಮಹಾರಾಷ್ಟ್ರದ ಗಾಡಿಗಳು ಸಾಲುಗಟ್ಟುತ್ತವೆ. ಸೋದರಮಾವನ ವೆಲ್ಡಿಂಗ್ ಅಂಗಡಿಯಲ್ಲಿ ಟ್ರಾಲಿ, ಕೂರಿಗೆ, ಕಿಟಕಿಯ ಸರಳು, ಮನೆಯ ಗೇಟು, ಶಟರು ಎಲ್ಲವೂ ಬರುತ್ತವೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವನು. ಮೂರು ವರ್ಷದಿಂದ ಕಲಬುರಗಿಯ ಬಾಡಿಗೆ ಕೋಣೆಯಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆಯುತ್ತಿದ್ದೇನೆ. ಒಂದರಲ್ಲಿ ಕಟ್‌ಆಫ್ ಎರಡು ಅಂಕದಲ್ಲಿ ತಪ್ಪಿತು. ಬಾಡಿಗೆ ಕೊಡಲು ದುಡ್ಡು ಸಾಲದಾದಾಗ ಊರಿಗೆ ಬಂದು ಮಾಮಾನ ಅಂಗಡಿಯಲ್ಲಿ ನಿಲ್ಲುತ್ತೇನೆ. ಯಾರಾದರೂ ‘ಏನ್ ಮಾಡ್ಲಿಕತ್ತೀಯಪಾ?’ ಎಂದು ಕೇಳಿದರೆ ‘ಓದ್ಲಿಕತ್ತೀನ್ರಿ’ ಎನ್ನುತ್ತೇನೆ. ಕೈಯಲ್ಲಿ ವೆಲ್ಡಿಂಗ್ ಹೋಲ್ಡರ್ ಇದ್ದಾಗಲೂ ಅದೇ ಉತ್ತರ. ಬೆಂಕಿಯ ಕಿಡಿ ಹಾರಿ ತೂತಾದ ಅಂಗಿ ತೊಟ್ಟು ಹಳೆಯ ಸಹಪಾಠಿಗಳ ಕಣ್ಣಿಗೆ ಬೀಳುವುದೆಂದರೆ ನನಗೆ ಸಂಕೋಚ.

ಆ ಸಂಕೋಚಕ್ಕೆ ಮೊದಲ ಪೆಟ್ಟು ಬಿದ್ದದ್ದು ಕಲಬುರಗಿಯ ಗ್ರಂಥಾಲಯದಲ್ಲಿ. ಕರೆಂಟ್ ಅಫೇರ್ಸ್ ಓದಿ ಬೇಸತ್ತು ಹಳೆಯ ಇಂಗ್ಲಿಷ್ ಕಲಾ ಪತ್ರಿಕೆಯೊಂದನ್ನು ತಿರುವುತ್ತಿದ್ದೆ. ಒಂದು ಪುಟದಲ್ಲಿ ಫಳಫಳ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಆಕೃತಿ. ಶಂಖ ಎನ್ನಬಹುದು, ಆದರೆ ಶಂಖದ ಪ್ರತಿರೂಪವಲ್ಲ. ಸುತ್ತಿ ಸುತ್ತಿ ಹಿಗ್ಗುವ ತಿರುವು ಮಾತ್ರ ಉಳಿದಿದೆ, ಉಳಿದದ್ದೆಲ್ಲ ಬಿಟ್ಟುಹೋಗಿದೆ. ಹೆಸರು ‘ವಲಂಪಿರಿ ಶಂಖ’, ಅಂದರೆ ಬಲಮುರಿ ಶಂಖ. ಇರುವುದು ಬೆಂಗಳೂರಿನಲ್ಲಿ. ಮಾಡಿದವರು ಬಾಲನ್ ನಂಬಿಯಾರ್.

ನಾನು ಮೊದಲು ನೋಡಿದ್ದು ಆಕೃತಿಯನ್ನಲ್ಲ, ಬೆಸುಗೆಯನ್ನು. ಅಷ್ಟು ದೊಡ್ಡ ಶೀಟುಗಳನ್ನು ಬಾಗಿಸಿ ಕೂಡಿಸಿದ್ದಾರೆ, ಜೋಡಣೆ ಎಲ್ಲಿ ಎಂದು ಹುಡುಕಿದರೆ ಕಾಣುತ್ತಿಲ್ಲ. ‘ಇದನ್ನ ಮಾಡಿದವರಿಗೆ ನಮ್ಮ ಕೆಲಸ ಗೊತ್ತದ’ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಮೇಲೆ ಅವರ ಬಗ್ಗೆ ಓದುತ್ತ ಹೋದೆ.

ರೈಲ್ವೆಯ ಡ್ರಾಫ್ಟ್ಸ್‌ಮನ್

ಬಾಲನ್ ನಂಬಿಯಾರ್ ಹುಟ್ಟಿದ್ದು 1937ರಲ್ಲಿ, ಕೇರಳದ ಕಣ್ಣೂರು ಜಿಲ್ಲೆಯ ಕಣ್ಣಪುರಂ ಎಂಬ ಹಳ್ಳಿಯಲ್ಲಿ. ಅದು ತೆಯ್ಯಂ ಕುಣಿಯುವ ಸೀಮೆ. ‘ಕಾಂತಾರ’ ನೋಡಿದವರಿಗೆ ಭೂತಕೋಲದ ಪರಿಚಯವಿದೆ. ತೆಯ್ಯಂ ಅದರ ನೆರೆಯ ಬಂಧು. ಎತ್ತರದ ಮುಡಿ, ಕೆಂಪು ಬಣ್ಣ, ಲೋಹದ ಆಭರಣ, ಪಂಜಿನ ಬೆಳಕು ಇವನ್ನೆಲ್ಲ ಎಳವೆಯಲ್ಲೇ ಕಂಡ ಹುಡುಗ ಬೆಳೆದು ಸೇರಿದ್ದು ರೈಲ್ವೆಗೆ. ಕೆಲಸ ಡ್ರಾಫ್ಟ್ಸ್‌ಮನ್. ನಾವು ಡಿಪ್ಲೊಮಾದಲ್ಲಿ ಬೈದುಕೊಳ್ಳುತ್ತ ಮಾಡಿದ ಎಂಜಿನಿಯರಿಂಗ್ ಡ್ರಾಯಿಂಗನ್ನೇ ಅವರು ಹೊಟ್ಟೆಪಾಡಿಗಾಗಿ ಮಾಡಿದರು.

ಅವರು ಮದ್ರಾಸಿನ ಸರ್ಕಾರಿ ಕಲೆ ಮತ್ತು ಕರಕುಶಲ ಕಾಲೇಜಿನಲ್ಲಿ ಶಿಲ್ಪಕಲೆಯ ಡಿಪ್ಲೊಮಾ ಪಡೆದದ್ದು 1971ರಲ್ಲಿ. ಈ ಎರಡು ಇಸವಿಗಳನ್ನು ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದು ಕಳೆದೆ. ಮೂವತ್ತಮೂರು, ಮೂವತ್ತನಾಲ್ಕು ವಯಸ್ಸು! ‘ವಯಸ್ಸು ಮೀರ್ತದ’ ಎಂಬ ಮಾತನ್ನು ದಿನಕ್ಕೆ ನಾಲ್ಕು ಸಲ ಕೇಳುವ ನಮ್ಮಂಥವರಿಗೆ ಈ ಲೆಕ್ಕ ಮುಖ್ಯ. ಡಿಪ್ಲೊಮಾ ಮುಗಿಸಿದ ಮೇಲೆ ಅವರು ಬೆಂಗಳೂರಿಗೆ ಬಂದು ನೆಲೆಸಿದರು. ಕರ್ನಾಟಕವೇ ಅವರ ಕೆಲಸದ ಊರಾಯಿತು. ಜೇಡಿಮಣ್ಣು, ಕಾಂಕ್ರೀಟು, ಫೈಬರ್‌ಗ್ಲಾಸ್, ಕಂಚು, ಕೊನೆಗೆ ಸ್ಟೇನ್‌ಲೆಸ್ ಸ್ಟೀಲು ಹೀಗೆ ಒಂದೊಂದೇ ಸಾಮಗ್ರಿಯನ್ನು ಹಿಡಿದು ನೋಡಿದರು. 1982ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆಯಲ್ಲಿ ಅವರ ಕೃತಿಗಳು ಪ್ರದರ್ಶನಗೊಂಡವು. ಲಲಿತ ಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿಯೂ ಬಂತು.

ಅವರ ಪತ್ನಿಯ ತಂದೆ ಇಟಲಿಯ ಪಾದುವಾ ನಗರದ ಪಾವ್ಲೊ ದೆ ಪೋಲಿ, ಹೆಸರಾಂತ ಎನಾಮಲ್ ಕಲಾವಿದ. ತಾಮ್ರದ ತಗಡಿನ ಮೇಲೆ ಬಣ್ಣದ ಗಾಜಿನ ಪುಡಿ ಹರಡಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಕುಲುಮೆಯಲ್ಲಿ ಸುಟ್ಟು ಚಿತ್ರ ಮಾಡುವ ಆ ವಿದ್ಯೆ ನಂಬಿಯಾರರಿಗೂ ಒಲಿಯಿತು. ಅದರ ಜೊತೆಗೆ ವರ್ಷಗಟ್ಟಲೆ ಕೇರಳ, ತುಳುನಾಡುಗಳನ್ನು ಸುತ್ತಿ ತೆಯ್ಯಂ, ಭೂತಾರಾಧನೆಗಳ ಫೋಟೊ ತೆಗೆದರು, ಲೇಖನ ಬರೆದರು. ಸ್ಟೀಲಿನ ಅಮೂರ್ತ ಶಿಲ್ಪ ಮಾಡುವವರಿಗೆ ಭೂತಕೋಲದಲ್ಲಿ ಏನು ಕೆಲಸ ಎಂದು ನನಗೂ ಅನಿಸಿತ್ತು. ಉತ್ತರ ಅವರ ‘ಕನ್ನಡಿ ಬಿಂಬ’ ಸರಣಿಯಲ್ಲಿತ್ತು. ಕೇರಳದ ಕೆಲವು ಗುಡಿಗಳಲ್ಲಿ ದೇವಿಯ ಬದಲಿಗೆ ತಿಕ್ಕಿ ಹೊಳಪು ಕೊಟ್ಟ ಲೋಹದ ಕನ್ನಡಿಯನ್ನೇ ಪೂಜಿಸುತ್ತಾರೆ. ಮೂಗು, ಬಾಯಿ, ಕೈಕಾಲು ಏನೂ ಇಲ್ಲ. ತೆಯ್ಯಂ ಕಟ್ಟುವವನೂ ವೇಷ ಪೂರ್ತಿಯಾದ ಮೇಲೆ ಕನ್ನಡಿ ನೋಡಿಕೊಳ್ಳುತ್ತಾನೆ. ಅಲ್ಲಿ ಕಾಣುವುದು ತಾನಲ್ಲ, ದೈವ ಎಂಬುದು ನಂಬಿಕೆ. ನಂಬಿಯಾರರ ಅಮೂರ್ತ ವಿದೇಶದಿಂದ ತಂದದ್ದಲ್ಲ, ಊರ ಗುಡಿಯಿಂದ ತಂದದ್ದು.

ಹೋಲ್ಡರ್ ಹಿಡಿದವರೇ ಹಾಕಿದ ದಾರಿ

ಹುಡುಕುತ್ತ ಹೋದಂತೆ ಇನ್ನೊಂದು ಸಂಗತಿ ಸಿಕ್ಕಿತು. ಬೆಸೆದ ಲೋಹದ ಶಿಲ್ಪ ಎಂಬುದೇ ಹುಟ್ಟಿದ್ದು ಕಾರ್ಖಾನೆಯ ವೆಲ್ಡಿಂಗಿನಿಂದ.

ಸ್ಪೇನಿನ ಹೂಲಿಯೊ ಗೊನ್ಸಾಲೆಸ್ ಗ್ಯಾಸ್ ವೆಲ್ಡಿಂಗ್ ಕಲಿತದ್ದು 1918ರಲ್ಲಿ, ಪ್ಯಾರಿಸ್ ಬಳಿಯ ರೆನೊ ಕಾರ್ಖಾನೆಯಲ್ಲಿ ಕೆಲಸಗಾರನಾಗಿ. ಹತ್ತು ವರ್ಷದ ನಂತರ ಪಿಕಾಸೊಗೆ ಲೋಹದಲ್ಲಿ ಶಿಲ್ಪ ಮಾಡಬೇಕೆನಿಸಿದಾಗ ನೆರವಾದದ್ದು ಇದೇ ಗೊನ್ಸಾಲೆಸ್. ಅವರ ಶಿಲ್ಪಗಳ ಫೋಟೊಗಳನ್ನು ಫ್ರೆಂಚ್ ಕಲಾ ಪತ್ರಿಕೆಯಲ್ಲಿ ನೋಡಿದವನು ಅಮೆರಿಕದ ಡೇವಿಡ್ ಸ್ಮಿತ್. ಅವನಿಗೆ ಫ್ರೆಂಚ್ ಓದಲು ಬರುತ್ತಿರಲಿಲ್ಲ, ಆದರೆ ಚಿತ್ರ ಅರ್ಥವಾಯಿತು. ಯಾಕೆಂದರೆ 1925ರಲ್ಲೇ ಅವನು ಸ್ಟುಡ್‌ಬೇಕರ್ ಕಾರಿನ ಕಾರ್ಖಾನೆಯಲ್ಲಿ ದುಡಿದಿದ್ದ. ಲೋಹ ಬೆಸೆಯುವುದು ಅವನಿಗೆ ಹೊಸದಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ ಬಂದರಿನ ದಂಡೆಯಲ್ಲಿ ‘ಟರ್ಮಿನಲ್ ಐರನ್ ವರ್ಕ್ಸ್’ ಎಂಬ ವೆಲ್ಡಿಂಗ್ ಅಂಗಡಿ ಇತ್ತು. ಸ್ಮಿತ್ ಅಲ್ಲೊಂದು ಜಾಗ ಬಾಡಿಗೆಗೆ ಹಿಡಿದು ಕೆಲಸ ಮಾಡಿದ. ಮುಂದೆ ಹಳ್ಳಿಗೆ ಹೋಗಿ ಸ್ವಂತ ಕಾರ್ಯಾಗಾರ ಕಟ್ಟಿದಾಗ ಅದಕ್ಕೂ ಆ ಅಂಗಡಿಯ ಹೆಸರನ್ನೇ ಇಟ್ಟ. ಎರಡನೇ ಮಹಾಯುದ್ಧದ ಕಾಲದಲ್ಲಿ ಲೋಕೊಮೋಟಿವ್ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದ. 1961ರಿಂದ 1965ರಲ್ಲಿ ಸಾಯುವವರೆಗೆ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ‘ಕ್ಯೂಬಿ’ ಸರಣಿಯ 28 ಶಿಲ್ಪಗಳನ್ನು ಮಾಡಿದ. ಇಂದು ಅವು ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿವೆ.

ನಮ್ಮ ನಾಡಿಗೆ ಬಂದರೆ, 1946ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಸ್. ನಂದಗೋಪಾಲ್ ಓದಿದ್ದು ಭೌತವಿಜ್ಞಾನ. ಅವರ ತಂದೆ ಕೆ.ಸಿ.ಎಸ್. ಪಣಿಕ್ಕರ್ 1966ರಲ್ಲಿ ಮದ್ರಾಸಿನ ಹತ್ತಿರ ಚೋಳಮಂಡಲ ಎಂಬ ಕಲಾವಿದರ ಗ್ರಾಮ ಕಟ್ಟಿದವರು. ನಂದಗೋಪಾಲ್ ಅಲ್ಲಿದ್ದುಕೊಂಡು ತಾಮ್ರ, ಹಿತ್ತಾಳೆ ತಗಡುಗಳನ್ನು ಬೆಸೆದು ಶಿಲ್ಪ ಮಾಡಿದರು.

ಇಷ್ಟೆಲ್ಲ ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ರೇಲಿಂಗ್ ಕೆಲಸದಲ್ಲಿ ಉಳಿದ ಸ್ಟೇನ್‌ಲೆಸ್ ಶೀಟಿನ ತುಂಡುಗಳು ಅಂಗಡಿಯ ಹಿಂದೆ ಗುಜರಿಗೆ ಕಾಯುತ್ತಿದ್ದವು. ‘ಮಾಮಾ, ಇವನ್ನ ನಾ ತಗೋಲಾ?’ ಎಂದೆ. ‘ಗುಜರಿಯವ ಕೊಡೋ ರೊಕ್ಕ ನೀ ಕೊಡ್ತೀ ಏನು?’ ಎಂದರು. ಆದರೆ ಬೇಡ ಅನ್ನಲಿಲ್ಲ.

ಶೀಟು ಕಲಿಸಿದ ಪಾಠ

ನಂಬಿಯಾರರ ಶಂಖವನ್ನು ನಕಲು ಮಾಡುವ ಧೈರ್ಯ ನನಗಿರಲಿಲ್ಲ. ಸುತ್ತಿಕೊಂಡು ಹಿಗ್ಗುವ ಒಂದು ಆಕಾರ ಬೇಕಿತ್ತು, ಅಷ್ಟೆ. ಒಂದಕ್ಕಿಂತ ಒಂದು ದೊಡ್ಡದಾದ, ತುದಿ ಕತ್ತರಿಸಿದ ಶಂಕುಗಳನ್ನು ಸ್ವಲ್ಪ ಸ್ವಲ್ಪ ಓರೆ ಮಾಡಿ ಜೋಡಿಸಿದರೆ ಅದು ತಾನಾಗಿ ಸುತ್ತಿಕೊಳ್ಳುತ್ತದೆ. ಶಂಕುವನ್ನು ಬಿಚ್ಚಿ ಹಾಸಿದರೆ ವೃತ್ತದ ಒಂದು ಹೋಳು ಸಿಗುತ್ತದೆ. ತಳದ ತ್ರಿಜ್ಯ 10 ಸೆಂ.ಮೀ., ಓರೆ ಉದ್ದ 30 ಸೆಂ.ಮೀ. ಇದ್ದರೆ ಹೋಳಿನ ಕೋನ 360ರ ಮೂರನೇ ಒಂದು ಭಾಗ, ಅಂದರೆ 120 ಡಿಗ್ರಿ. ಡಿಪ್ಲೊಮಾದ ಮೊದಲ ವರ್ಷ ಬಾಯಿಪಾಠ ಮಾಡಿ ಮರೆತಿದ್ದ ಪಾಠವಿದು. ಹಳೆಯ ಮದುವೆ ಪತ್ರಿಕೆಗಳ ದಪ್ಪ ಕಾಗದದಲ್ಲಿ ಎಂಟು ಶಂಕು ಕತ್ತರಿಸಿ ಅಂಟಿಸಿದೆ. ಮೊದಲ ಎರಡು ಮಾದರಿ ನೇರವಾಗಿ ಕೊಳಪೆಯಂತೆ ನಿಂತವು. ಮೂರನೆಯದು ತಿರುಗಿತು. ಅವತ್ತು ರಾತ್ರಿ ಆ ಕಾಗದದ ಸುರುಳಿಯನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ ಎಂದರೆ ನೀವು ನಗಬಹುದು.

ಕಾಗದ ಮಾತು ಕೇಳಿತು, ಸ್ಟೀಲು ಕೇಳಲಿಲ್ಲ. ಎರಡು ಶಂಕು ಸೇರಿಸಿ ಒಂದೇ ಸಮನೆ ಬೆಸೆಯುತ್ತ ಹೋದೆ. ಅರ್ಧ ಸುತ್ತಿಗೆ ಬರುವಷ್ಟರಲ್ಲಿ ಇನ್ನೊಂದು ಬದಿ ಬಾಯಿಬಿಟ್ಟು ನಿಂತಿತು. ಪುಸ್ತಕದ ಕಾರಣ ನನಗೆ ಗೊತ್ತಿತ್ತು: ಸ್ಟೇನ್‌ಲೆಸ್ ಸ್ಟೀಲು ಕಾದಾಗ ಸಾದಾ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ. ಶಾಖವನ್ನು ಅಕ್ಕಪಕ್ಕ ಹರಿಬಿಡುವುದೋ ಸುಮಾರು ಮೂರನೇ ಒಂದರಷ್ಟು. ಕಾವೆಲ್ಲ ಒಂದೇ ಕಡೆ ನಿಂತು ಶೀಟು ತಿರುಚಿಕೊಳ್ಳುತ್ತದೆ. ಕಾರಣ ಗೊತ್ತಿತ್ತು, ಉಪಾಯ ಗೊತ್ತಿರಲಿಲ್ಲ.

ಮಾಮಾ ಏಳನೇ ಇಯತ್ತೆ ಓದಿದವರು. ನನ್ನ ಕೈಯಿಂದ ಹೋಲ್ಡರ್ ತಗೊಂಡರು. ‘ಸೈಕಲ್ ಚಕ್ರದ ನಟ್ ಹ್ಯಾಂಗ ಬಿಗೀತಿ? ಒಂದ ಕಡಿ ಪೂರಾ ಬಿಗಿದು ಇನ್ನೊಂದ ಕಡಿಗಿ ಹೋಗ್ತೀ ಏನು?’ ಎಂದು ಕೇಳಿ, ಇಲ್ಲೊಂದು ಚುಕ್ಕೆ, ಎದುರಿಗೆ ಒಂದು ಚುಕ್ಕೆ, ಆಮೇಲೆ ಅಡ್ಡಕ್ಕೆ ಎರಡು ಹೀಗೆ ಟ್ಯಾಕ್ ಹಾಕಿದರು. ಆರಲು ಬಿಟ್ಟರು. ಬೀಡಿ ಹಚ್ಚಿದರು. ‘ಕಾದದ್ದಕ್ಕ ಗಡಬಡ ಮಾಡಬಾರ್ದು’ ಎಂದರು. ಬೆರಳಗಲ ಬೆಸೆದು, ಮತ್ತೆ ಎದುರು ಬದಿಗೆ ಹೋಗುವುದು. ಒಂದು ಸುತ್ತಿಗೆ ಒಂದು ಸಂಜೆ ಬೇಕಾಯಿತು. ತೆಳು ಶೀಟಿಗೆ ಆರ್ಗನ್ ವೆಲ್ಡಿಂಗ್ ಒಳ್ಳೆಯದು, ನಮ್ಮಲ್ಲಿ ಅದಿಲ್ಲ. ರಾಡಿನಲ್ಲೇ ಬೆಸೆದದ್ದರಿಂದ ಎಷ್ಟೋ ಕಡೆ ತೂತು ಬಿದ್ದು, ತುಂಬಿ, ಉಜ್ಜಿ ಮತ್ತೆ ಬೆಸೆದೆ. ಒಂದು ರಾತ್ರಿ ಗಾಜು ಸರಿಯಾಗಿ ಹಿಡಿಯದೆ ಕಣ್ಣಿಗೆ ಬೆಳಕು ಹೊಡೆದು, ಮರಳು ಸುರಿದಂತೆ ಉರಿಯಿತು. ಅವ್ವ ಬಟಾಟೆ ಕೊಯ್ದು ಕಣ್ಣ ಮೇಲಿಡುತ್ತ, ‘ಇದರಿಂದ ಹೊಟ್ಟಿಗಿ ಏನ್ ಬರ್ತದ? ಪುಸ್ತಕ ಹಿಡಿಯೋ ಕಣ್ಣು ಇವು’ ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇಷ್ಟಾಗಿ ಹುಟ್ಟಿದ್ದನ್ನೇ ಆ ರೈತರು ಲಾಳಿಕೆ ಅಂದದ್ದು.

‘ಇದು ಏನು?’ ಎಂದು ಯಾರೂ ಕೇಳಲಿಲ್ಲ

ಅಮೂರ್ತ ಶಿಲ್ಪ ಮಾಡುವವರ ಮೊದಲ ಕಷ್ಟ ಈ ಪ್ರಶ್ನೆ. ಆನೆ ಮಾಡಿದರೆ ಆನೆ, ಬಸವಣ್ಣನನ್ನು ಮಾಡಿದರೆ ಬಸವಣ್ಣ. ಏನೂ ಅಲ್ಲದ್ದನ್ನು ಮಾಡಿ ಎದುರಿಗಿಟ್ಟರೆ ಜನ ಹೆಸರು ಕೇಳುತ್ತಾರೆ. ನನಗೂ ಉತ್ತರ ಹೊಳೆದಿರಲಿಲ್ಲ. ಮೊಹರಮ್ಮಿನ ಮುಂಚೆ ನಡೆದ ಒಂದು ಘಟನೆ ಅದನ್ನು ತಿಳಿಸಿತು.

ಪಕ್ಕದ ಹಳ್ಳಿಯ ನಾಲ್ಕು ಮಂದಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಎದೆಗೊತ್ತಿಕೊಂಡು ಅಂಗಡಿಗೆ ಬಂದರು. ಪೀರ ದೇವರ ಪಂಜಾ. ಹಿತ್ತಾಳೆಯ ಕೈಯ ಆಕಾರ, ಕೆಳಗೆ ಕೋಲು ಸಿಗಿಸುವ ಕೊಳವೆ. ಕೊಳವೆ ಬಿರುಕು ಬಿಟ್ಟಿತ್ತು. ನಮ್ಮ ಕಡೆ ಮೊಹರಮ್ ಅಂದರೆ ಜಾತಿ ಧರ್ಮ ನೋಡದೆ ಊರಿಗೆ ಊರೇ ಸೇರುವ ಹಬ್ಬ ಎಂಬುದು ನಿಮಗೆ ಗೊತ್ತೇ ಇದೆ. ಮಾಮಾ ಚಪ್ಪಲಿ ಬಿಟ್ಟರು, ಕೈಕಾಲು ತೊಳೆದು ಬಂದರು. ಗ್ಯಾಸಿನ ಉರಿ ಸಣ್ಣಗೆ ಮಾಡಿ, ಹಿತ್ತಾಳೆ ಕಡ್ಡಿ ಕರಗಿಸಿ ಬಿರುಕು ತುಂಬಿದರು. ಆರಿದ ಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಪಂಜಾ ಬೆಳಗಿತು. ಅದರ ಅಗಲವಾದ ಮೈಯಲ್ಲಿ ಬಗ್ಗಿ ನೋಡುತ್ತಿದ್ದ ಮಾಮಾನ ಮುಖ, ಅದರ ಹಿಂದೆ ನನ್ನ ಮುಖ ಕಂಡಿತು. ನೆಟ್ಟಗೆ ನಿಂತ ನಾಲ್ಕು ಜನರಲ್ಲಿ ಒಬ್ಬರೂ ‘ಇದು ಏನು?’ ಎಂದು ಕೇಳಲಿಲ್ಲ. ದುಡ್ಡು ಕೊಡಲು ಬಂದರೆ ಮಾಮಾ ತೆಗೆದುಕೊಳ್ಳಲಿಲ್ಲ.

ಅವರು ಹೋದ ಮೇಲೆ ನನಗೆ ನಂಬಿಯಾರರ ಕನ್ನಡಿ ಬಿಂಬ ನೆನಪಾಯಿತು. ಮುಖವಿಲ್ಲದ ಲೋಹಕ್ಕೆ ಕೈಮುಗಿಯುವುದು ನಮಗೆ ಹೊಸದೇ? ನಮ್ಮೂರಿನಿಂದ ತಿರುಗಿ ಹೋಗುವ ಗಾಣಗಾಪುರದಲ್ಲಿ ಸಾವಿರಾರು ಜನ ದರ್ಶನ ಮಾಡುವುದು ಪಾದುಕೆಗಳಿಗೆ. ಅವುಗಳ ಹೆಸರೇ ನಿರ್ಗುಣ ಪಾದುಕೆ. ಅಂಗೈಯಲ್ಲಿ ಹಿಡಿಯುವ ಇಷ್ಟಲಿಂಗಕ್ಕೂ ಕಣ್ಣು, ಮೂಗು ಇಲ್ಲ. ಅಮೂರ್ತ ನಮಗೆ ಅರ್ಥವಾಗದ್ದಲ್ಲ. ಅದಕ್ಕೆ ಕಾಲೇಜು, ಗ್ಯಾಲರಿಗಳ ಹೆಸರು ಹಚ್ಚಿದಾಗ ಮಾತ್ರ ನಾವು ದೂರ ನಿಲ್ಲುತ್ತೇವೆ. ಪಂಜಾಕ್ಕೆ ನೂರಾರು ವರ್ಷದ ನಂಬಿಕೆ ಇದೆ, ನನ್ನ ಸುರುಳಿಗೆ ಅದಿಲ್ಲ. ಅಷ್ಟು ತಿಳಿದ ಮೇಲೆ ರೈತರ ಮಾತಿನ ಮೇಲೆ ಸಿಟ್ಟು ಉಳಿಯಲಿಲ್ಲ. ನೋಡುವವರು ಹೆಸರು ಕೇಳದೆ ಒಂದು ಗಳಿಗೆ ನಿಲ್ಲುವಂತೆ ಮಾಡುವುದು ಮಾಡುವವನ ಜವಾಬ್ದಾರಿ.

ಹೊಟ್ಟೆಯ ಪ್ರಶ್ನೆ

ಅವ್ವ ಕೇಳಿದ ಪ್ರಶ್ನೆ ಹಾಗೆಯೇ ಉಳಿದಿದೆ. ಗೆಳೆಯರೇ, ಪರೀಕ್ಷೆ ಬಿಟ್ಟು ಶಿಲ್ಪ ಮಾಡಿ ಎಂದು ನಾನು ಹೇಳುತ್ತಿಲ್ಲ. ಸ್ಟೇನ್‌ಲೆಸ್ ಶೀಟು ಕಬ್ಬಿಣಕ್ಕಿಂತ ಮೂರು, ನಾಲ್ಕು ಪಟ್ಟು ದುಬಾರಿ. ದೊಡ್ಡ ಶಿಲ್ಪಕ್ಕೆ ಕ್ರೇನು, ಲಾರಿ, ಸಹಾಯಕರು ಬೇಕು. ಯಾರಾದರೂ ಮಾಡಿಕೊಡಿ ಎಂದು ಕೇಳುವವರೆಗೆ ಅದು ಕಾಗದದ ಮೇಲೆಯೇ ಇರುತ್ತದೆ. ನಂಬಿಯಾರರೂ ಮೊದಲು ಸಂಬಳಕ್ಕೆ ದುಡಿದರು, ಸ್ಮಿತ್ ಯುದ್ಧಕಾಲದಲ್ಲೂ ಕಾರ್ಖಾನೆಗೆ ಹೋದ. ಅವರು ನೌಕರಿಯನ್ನು ಕಲೆಯ ಶತ್ರು ಎಂದುಕೊಳ್ಳಲಿಲ್ಲ. ಡ್ರಾಯಿಂಗ್ ಬೋರ್ಡಿನ ಮುಂದೆ ಕಲಿತದ್ದು, ಬೆಂಕಿಯ ಮುಂದೆ ಕಲಿತದ್ದು ಯಾವುದೂ ದಂಡವಾಗಲಿಲ್ಲ.

ಕಲಿಯಬೇಕೆನ್ನುವವರಿಗೆ ದೂರ ಹೋಗಬೇಕಿಲ್ಲ. ಕಲಬುರಗಿಯಲ್ಲೇ ಎಂ.ಎಂ.ಕೆ. ದೃಶ್ಯಕಲಾ ಕಾಲೇಜಿದೆ. ರಾಜ್ಯದಲ್ಲಿ ಲಲಿತಕಲಾ ಅಕಾಡೆಮಿ, ಶಿಲ್ಪಕಲಾ ಅಕಾಡೆಮಿಗಳಿವೆ. ಬೀದರಿಗೆ ಹೋದರೆ ಸತು, ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ತರಿಸುವ ಬಿದ್ರಿ ಕುಶಲಕರ್ಮಿಗಳನ್ನು ನೋಡಬಹುದು. ಮತ್ತೆ ಪ್ರತಿ ಊರಿನ ಕ್ರಾಸಿನಲ್ಲಿ ಒಂದು ವೆಲ್ಡಿಂಗ್ ಅಂಗಡಿ ಇದ್ದೇ ಇದೆ.

ನಾನು ಮುಂದಿನ ಪರೀಕ್ಷೆಗೂ ಅರ್ಜಿ ಹಾಕಿದ್ದೇನೆ. ಬೆಳಿಗ್ಗೆ ಓದು, ಮಧ್ಯಾಹ್ನದಿಂದ ಅಂಗಡಿ. ಹೊಸ ಮನೆ ಕಟ್ಟಿಸುತ್ತಿರುವ ಶಿಕ್ಷಕರೊಬ್ಬರು ಗೇಟು ಮಾಡಿಸಲು ಬಂದಾಗ ಹೂಬಳ್ಳಿಯ ಬದಲು ಒಂದಕ್ಕಿಂತ ಒಂದು ಹಿಗ್ಗುವ ಅರ್ಧವೃತ್ತಗಳ ಡ್ರಾಯಿಂಗ್ ಹಾಕಿ ತೋರಿಸಿದೆ. ಒಪ್ಪಿದರು. ಆ ಕೂಲಿಯಲ್ಲಿ ಅವ್ವನ ಕೈಗೆ ಎರಡು ಸಾವಿರ ಕೊಟ್ಟೆ. ಅವಳು ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡಳು, ಬೇರೇನೂ ಹೇಳಲಿಲ್ಲ. ಈಗ ಯಾರಾದರೂ ‘ಏನ್ ಮಾಡ್ಲಿಕತ್ತೀ?’ ಎಂದರೆ ‘ಓದ್ಲಿಕತ್ತೀನ್ರಿ, ವೆಲ್ಡಿಂಗೂ ಮಾಡ್ತೀನ್ರಿ’ ಎನ್ನುತ್ತೇನೆ.

ಮಳೆಗಾಲ ಬಂತು. ಒಂದು ದಿನ ನೋಡಿದರೆ ನನ್ನ ಶಂಖದ ಮೈಮೇಲೆ ಅಲ್ಲಲ್ಲಿ ಕಂದು ತುಕ್ಕಿನ ಚುಕ್ಕೆಗಳು! ಸ್ಟೇನ್‌ಲೆಸ್‌ಗೆ ತುಕ್ಕೇ? ಮಾಮಾ ಬೆರಳಾಡಿಸಿ ನೋಡಿದರು. ‘ಕಬ್ಬಿಣ ಕೊರದ ವೀಲ್‌ನಿಂದನೇ ಇದನ್ನ ಉಜ್ಜಿದಿ. ಅದರ ಪುಡಿ ಇದರ ಮೈಯಾಗ ಹೊಕ್ಕದ. ತುಕ್ಕು ಇದರದಲ್ಲ, ಅದರದು’ ಎಂದರು. ಸಂಜೆ ಕಲಬುರಗಿಯಿಂದ ಬಂದವರು ಒಂದು ಹೊಸ ಗ್ರೈಂಡಿಂಗ್ ವೀಲು ತಂದಿದ್ದರು. ಅದರ ಮೇಲೆ ಚಾಕ್‌ಪೀಸಿನಿಂದ ದಪ್ಪಗೆ ‘ಎಸ್.ಎಸ್.’ ಎಂದು ಬರೆದು, ಬೇರೆಯೇ ಮೊಳೆಗೆ ತೂಗುಹಾಕಿದರು.

‘ಇನ್ನೊಂದು ಮಾಡು. ಈ ಸಲ ಸ್ವಲ್ಪ ದೊಡ್ಡದು’ ಎಂದರು.